ಮಾತಾಡುವಷ್ಟು ಉಸಿರು

“ಹದಿಮೂರಾರ್ಲೆ ಎಪ್ಪತ್ತೆಂಟು, ಹದಿಮೂರೇಳ್ಲೆ ತೊಂಬತ್ತೊಂದು, ಹದಿಮೂರೆಂಟ್ಲೆ…”

ಅಲ್ಲಿಗೆ ಬಂದು ಲತಾಮಣಿಯ ಬಾಯಿ ಕಟ್ಟಿತು. ಉಸಿರು ಸಾಲದೆ ಅಲ್ಲ, ಲೆಕ್ಕ ಮರೆತು. ಸ್ಕೂಲಿನಲ್ಲೂ ಹದಿಮೂರರ ಮಗ್ಗಿಯಲ್ಲಿ ಇದೇ ಜಾಗಕ್ಕೆ ಬಂದು ಮುಗ್ಗರಿಸಿ ಏಟು ತಿನ್ನುತ್ತಿದ್ದವಳು ಅವಳು. ಆದರೂ ನಿಯಮ ಅಂದಮೇಲೆ ನಿಯಮ. ಮಾತು ನಿಂತರೆ ಓಟವೂ ನಿಲ್ಲಬೇಕು. ಓಟ ಬಿಟ್ಟು ನಡೆದಳು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ನೂರಾನಾಲ್ಕು ನೆನಪಾಯಿತು, ಮತ್ತೆ ಓಡಿದಳು.

ನಿಯಮ ಹಾಕಿದ್ದು ರಾಮನಗರದ ಡಾಕ್ಟರಮ್ಮ. “ಮೊದಲಿಂದ ಓಡಿ ರೂಢಿ ಇದೆಯಲ್ಲ, ಓಡಿ. ಆದ್ರೆ ಪಕ್ಕದವರ ಜೊತೆ ಮಾತಾಡ್ಕೊಂಡು ಓಡುವಷ್ಟು ನಿಧಾನ ಇರ್ಬೇಕು. ಮಾತಾಡೋಕೆ ಆಗ್ಲಿಲ್ಲ ಅಂದ್ರೆ ನಡೀರಿ,” ಅಂದಿದ್ದರು. ಅವರು ಹೇಳುವುದು ಹೇಳಿ ಮುಂದಿನವರನ್ನು ಕರೆದರು. ಪಕ್ಕದಲ್ಲಿ ಯಾರೂ ಇಲ್ಲದವರು ಏನು ಮಾಡಬೇಕು ಅಂತ ಕೇಳುವುದಕ್ಕೆ ಲತಾಮಣಿಗೆ ನಾಚಿಕೆಯಾಯಿತು. ಕೈಲಾಂಚದ ಆಚೆಯ ಅವರ ಊರಿನಲ್ಲಿ ಬೆಳಗಾಗೆದ್ದು ಓಡುವ ಹೆಂಗಸು ಅವಳೊಬ್ಬಳೇ. ಹಾಗಾಗಿ ಮಗ್ಗಿ.

ಓಡುವುದಕ್ಕೆ ಜಾಗ ಮಾತ್ರ ಚೆನ್ನಾಗಿತ್ತು. ಬಿಡದಿಯಲ್ಲಿ ಫ್ಯಾಕ್ಟರಿಗಳು ಎದ್ದಮೇಲೆ ಈ ಕಡೆಗೂ ಸೈಟಿನ ಗಾಳಿ ಬೀಸಿತ್ತು. ಯಾರೋ ಬಂದು ರಾಗಿ ಹೊಲಗಳನ್ನು ಸಮ ಮಾಡಿಸಿ, ಟಾರು ಹಾಕಿಸಿ, ಹಳದಿ ಬಳಿದ ಕಲ್ಲು ನೆಡಿಸಿ, ಬಾಗಿಲಿಗೊಂದು ಕಮಾನು ಕಟ್ಟಿಸಿ ಹೋಗಿದ್ದರು. ಮನೆ ಒಂದೂ ಏಳಲಿಲ್ಲ. ಅಷ್ಟು ದೊಡ್ಡ ಲೇಔಟನ್ನು ಅನುಭವಿಸುತ್ತಿದ್ದವರು ಇಬ್ಬರೇ, ಬಿಡದಿಯ ಫ್ಯಾಕ್ಟರಿಯಲ್ಲಿ ವೈರು ಜೋಡಿಸುವ ಲತಾಮಣಿ ಮತ್ತು ಕುರಿ ಮೇಯಿಸುವ ಕಾಳಯ್ಯ.

ಹೋದ ವರ್ಷ ಯುಗಾದಿ ಕಳೆದಮೇಲೆ, ಹತ್ತನೇ ವಾರದಲ್ಲಿ, ಅವಳ ಮೊದಲ ಬಸಿರು ಹೋಗಿತ್ತು. ಹಿಂದಿನ ದಿನವೂ ಅವಳು ಓಡಿದ್ದಳು. ಎದುರಿಗೆ ಯಾರೂ ಏನೂ ಅನ್ನಲಿಲ್ಲ, ನಲ್ಲಿಯ ಹತ್ತಿರ ಆಡಿಕೊಂಡರು. ಅತ್ತೆ ಕೃಷ್ಣಮ್ಮ ಅದನ್ನೂ ಮಾಡಲಿಲ್ಲ. ಸೊಸೆಯ ಶೂಗಳನ್ನು ಸೋಪು ಹಾಕಿ ತೊಳೆದು, ಒಣಗಿಸಿ, ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತೊಳೆದಿಟ್ಟ ಶೂಗೆ ಏನು ಉತ್ತರ ಕೊಡುವುದು?

ನಾಲ್ಕು ತಿಂಗಳ ಮೇಲೆ ಲತಾಮಣಿ ಅವನ್ನು ತಾನೇ ಇಳಿಸಿಕೊಂಡು ಫ್ಯಾಕ್ಟರಿಯ ಬ್ಯಾಗಿಗೆ ಹಾಕಿಕೊಂಡಳು. ಬಸ್ಸಿಗೆಂದು ಬೇಗ ಹೊರಟು, ಲೇಔಟಿನಲ್ಲಿ ಓಡಿ, ಹಾಗೇ ಕೆಲಸಕ್ಕೆ ಹೋಗುತ್ತಿದ್ದಳು. ಕಾಲೇಜಿನಲ್ಲಿದ್ದಾಗ ಮೂರು ಸಾವಿರ ಮೀಟರಿಗೆ ತಾಲ್ಲೂಕಿಗೇ ಎರಡನೆಯವಳು. ಮೈಯಲ್ಲಿ ತನ್ನದು ಅನ್ನಿಸುತ್ತಿದ್ದುದು ಓಟವೊಂದೇ. ಓಡಿದ್ದರಿಂದಲೇ ಹೋಯಿತೇನೋ ಎಂಬ ಭಯ ಅವಳಿಗೂ ಇತ್ತು, ಚೆನ್ನಾಗಿಯೇ ಇತ್ತು. ಈಗ ಮತ್ತೆ ಎಂಟು ವಾರ. ಈ ಕೂಸು ಉಳಿಯಬೇಕು, ಓಟವೂ ಉಳಿಯಬೇಕು. ಎರಡನ್ನೂ ಬಯಸುವುದು ದುರಾಸೆಯೋ ಏನೋ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ವಿಷಯ ಗೊತ್ತಿದ್ದದ್ದು ಗಂಡ ಅನಂತರಾಜು ಒಬ್ಬನಿಗೆ. ಅಮ್ಮನ ಮುಂದೆ ಬಾಯಿ ಬಿಡುವ ಪೈಕಿ ಅವನಲ್ಲ.

ಗುಟ್ಟು ರಟ್ಟು ಮಾಡಿದವನು ಕಾಳಯ್ಯ. ಮಗ್ಗಿ ತಪ್ಪಿದ ಅದೇ ದಿನ ಹತ್ತು ಗಂಟೆಯ ಹೊತ್ತಿಗೆ ಅವನು ಕೃಷ್ಣಮ್ಮನ ಜಗಲಿಗೆ ಬಂದು ಕೂತ. ಅವಳು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ಒಳಗೆ ರೇಷ್ಮೆಹುಳುಗಳು ಎರಡನೇ ಜ್ವರ ಮುಗಿಸಿ, ಅಂದರೆ ಎರಡನೇ ಸಲ ಪೊರೆ ಬಿಟ್ಟು, ಎದ್ದಿದ್ದವು.

“ಕಿಷ್ಣಕ್ಕ, ನಿನ್ ಸೊಸೆಗೆ ಏನೋ ಮೆಟ್ಕಂಡೈತೆ ಕಣಕ್ಕ,” ಅಂದ. “ಲೇಔಟ್ನಾಗೆ ಒಬ್ಳೇ ಓಡ್ತಾವ್ಳೆ, ಒಬ್ಳೇ ಮಾತಾಡ್ತಾವ್ಳೆ. ನೂರಾ ನಾಕು, ನೂರಾ ಹದಿನೇಳು ಅಂತಾಳೆ. ನನ್ ಕುರಿ ಎಣಿಸ್ತಾವ್ಳೇನೋ ಅನ್ಕಂಡೆ. ನಂತಾವ ಇರೋದು ನಲವತ್ತೇಯ.”

“ನಿನ್ ಕುರಿ ಎಣಿಸ್ಕಂಡು ಅವ್ಳಿಗೇನಾಗ್ಬೇಕ್ಲಾ? ಓಗು, ಕುರಿ ನೋಡ್ಕೋ ಓಗು,” ಅಂದಳು ಕೃಷ್ಣಮ್ಮ.

ಅವನನ್ನೇನೋ ಓಡಿಸಿದಳು. ಆದರೆ ಮೂವತ್ತು ವರ್ಷ ಹುಳು ಸಾಕಿದ ಕಣ್ಣು ಅವಳದು. ತಟ್ಟೆಯ ಮೇಲೆ ಬಗ್ಗಿ ನೋಡಿ, ಯಾವ ಹುಳು ನಾಳೆ ಜ್ವರಕ್ಕೆ ಕೂರುತ್ತದೆ ಎಂದು ಇಂದೇ ಹೇಳುತ್ತಿದ್ದಳು. ಸೊಸೆ ವಾರದಿಂದ ಕಾಫಿ ಲೋಟವನ್ನು ದೂರ ಸರಿಸುತ್ತಿದ್ದುದನ್ನು ಆ ಕಣ್ಣು ಬಿಟ್ಟಿರಲಿಲ್ಲ. ಸಂಜೆ ಲತಾಮಣಿ ಫ್ಯಾಕ್ಟರಿ ಬಸ್ಸಿಳಿದು ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ ನೇರವಾಗಿ ಕೇಳಿದಳು.

“ಎಷ್ಟ್ ದಿನ ಆಯ್ತು?”

“ಎಂಟ್ ವಾರ, ಅತ್ತೆ.”

“ಓಡ್ತಿದ್ದೀಯ?”

“ಡಾಕ್ಟ್ರು ಓಡ್ಬೋದು ಅಂದವ್ರೆ. ಮಾತಾಡ್ಕಂಡು ಓಡ್ಬೇಕಂತೆ. ಅದಕ್ಕೇ ಮಗ್ಗಿ ಹೇಳ್ಕಂಡ್ ಓಡ್ತೀನಿ.”

ಕೃಷ್ಣಮ್ಮ ಸೊಸೆಯ ಕೈಯಿಂದ ಚೊಂಬು ತೆಗೆದುಕೊಂಡು ಕೆಳಗಿಟ್ಟಳು. ಆಮೇಲೆ, “ಉಳ ಜ್ವರಕ್ಕೆ ಕೂತಾಗ ನಾವು ತಟ್ಟೆ ಮುಟ್ತೀವಾ, ಯೋಳು? ಸೊಪ್ಪೂ ಹಾಕಲ್ಲ, ಅಲ್ಲಾಡಿಸೋದೂ ಇಲ್ಲ. ತಲೆ ಎತ್ಕಂಡು ಕಲ್ಲಂಗೆ ಕೂತಿರ್ತದೆ. ಅಲುಗಾಡಿಸುದ್ರೆ ಪೊರೆ ಬುಡಾಕಾಗದೆ ಅಂಗೇ ಸಾಯ್ತದೆ. ಬಸುರೂ ಅಂಗೇಯ. ಮೂರ್ ತಿಂಗ್ಳು ತುಂಬೋಗಂಟ ಮಲ್ಗಿರು. ಡಾಕ್ಟ್ರು ನಮ್ಮನೆಗೆ ಬಂದು ನೋಡ್ಕತಾರಾ?” ಅಂದಳು.

ವಾದ ಮಾಡಬಹುದಿತ್ತು. ಆದರೆ ಲತಾಮಣಿಯ ಒಳಗಿದ್ದ ಭಯ ಅತ್ತೆಯ ಪಕ್ಷ ಸೇರಿಕೊಂಡಿತು. ಫ್ಯಾಕ್ಟರಿಗೆ ರಜೆ ಹೇಳಿ ಮಲಗಿದಳು.

ಮಲಗುವುದು ಇಷ್ಟು ಕಷ್ಟದ ಕೆಲಸ ಎಂದು ಅವಳು ಅಂದುಕೊಂಡಿರಲಿಲ್ಲ. ಕೃಷ್ಣಮ್ಮ ಒಂದು ಚೊಂಬು ನೀರು ಎತ್ತಲೂ ಬಿಡಲಿಲ್ಲ. ಮುದ್ದೆ, ಬಸ್ಸಾರು ಮಲಗಿದ್ದಲ್ಲಿಗೇ ಬಂದವು. ಹೆಂಚಿನ ಸಾಲು ಎಣಿಸಿ ಮುಗಿಯಿತು. ಓಡುವಾಗ ಹತ್ತಿರ ಬರದ ಯೋಚನೆಗಳೆಲ್ಲ ಮಲಗಿದವಳನ್ನು ಹುಡುಕಿಕೊಂಡು ಬಂದವು. ದಿನಕ್ಕೆ ಹತ್ತು ಸಲ ಬಚ್ಚಲಿಗೆ ಹೋಗಿ ನೋಡಿಕೊಂಡು ಬರುತ್ತಿದ್ದಳು. ಹುಳುಗಳು ಮೂರನೇ ಜ್ವರ ದಾಟಿ ನಾಲ್ಕನೆಯದಕ್ಕೆ ಕೂತವು. ಮನೆಯಲ್ಲಿ ಎಲ್ಲವೂ ಅಲುಗಾಡದೆ ಇತ್ತು.

ಹನ್ನೊಂದನೇ ದಿನ ಬೆಳಗ್ಗೆ ರಕ್ತ ಕಾಣಿಸಿತು.

ಲತಾಮಣಿ ಗೋಡೆ ಹಿಡಿದುಕೊಂಡು ಹುಳುವಿನ ಮನೆಯ ಹೊಸ್ತಿಲವರೆಗೆ ಬಂದು ನಿಂತಳು. ಒಳಗೆ ಹುಳುಗಳು ಆಗಷ್ಟೇ ಪೊರೆ ಬಿಟ್ಟು ಎದ್ದಿದ್ದವು. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಎಲ್ಲಿಲ್ಲದ ಹಸಿವು. ಎದ್ದ ಹೊತ್ತಿಗೆ ಸರಿಯಾಗಿ ಸೊಪ್ಪು ಬಿದ್ದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಸಾವು ನೋವು ಅಂದರೂ ಸೊಪ್ಪು ಹಾಕಿಯೇ ಹೊರಡುವುದು ಆ ಕಡೆಯ ರೂಢಿ. ಕೃಷ್ಣಮ್ಮ ತನ್ನ ತವರಿನ ಮಣ್ಣಿಗೂ ಹಾಗೆಯೇ ಹೋಗಿದ್ದವಳು.

“ಅತ್ತೆ, ಕಾಣಿಸ್ಕಂಡೈತೆ.”

ಕೃಷ್ಣಮ್ಮನ ಕೈಯಲ್ಲಿ ಸೊಪ್ಪಿನ ಮಂಕರಿ ಇತ್ತು. ಅವಳು ತಟ್ಟೆಗಳನ್ನು ನೋಡಿದಳು, ಸೊಸೆಯನ್ನು ನೋಡಿದಳು. ಮಂಕರಿಯನ್ನು ನೆಲದ ಮೇಲಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬಂದಳು. “ಇದ್ರೀಸ್ಗೆ ಫೋನ್ ಮಾಡು. ಆಟೋ ತತ್ತಾನೆ,” ಅಂದಳು.

ಇದ್ರೀಸ್ ಆ ಊರಿಗೆಲ್ಲ ಬೇಕಾದ ಆಟೋದವನು. ವಿಷಯ ಯಾರೂ ಹೇಳದಿದ್ದರೂ ಮುಖ ನೋಡಿ ತಿಳಿದುಕೊಂಡು ಒಂದೊಂದು ಗುಂಡಿಗೂ ಬ್ರೇಕು ಹಾಕಿ ಇಳಿಸಿ ಹತ್ತಿಸಿದ. ರಾಮನಗರದ ಬಂಡೆಗಳು ಕಾಣತೊಡಗಿದವು.

“ನಾನು ಓಡ್ಲಿಲ್ಲ ಅತ್ತೆ,” ಅಂದಳು ಲತಾಮಣಿ.

“ಗೊತ್ತು,” ಅಂದಳು ಕೃಷ್ಣಮ್ಮ. ಹೊರಗೆ ನೋಡುತ್ತಲೇ ಇದ್ದಳು.

ಡಾಕ್ಟರಮ್ಮ ಸ್ಕ್ಯಾನಿನ ಪರದೆಯನ್ನು ಇಬ್ಬರ ಕಡೆಗೂ ತಿರುಗಿಸಿದರು. ಬೂದುಬಣ್ಣದ ಮಬ್ಬಿನಲ್ಲಿ ಕಾಳಿನಷ್ಟು ಜಾಗ ಪಟಪಟ ಅನ್ನುತ್ತಿತ್ತು. “ಎದೆಬಡಿತ ಚೆನ್ನಾಗಿದೆ. ಹೀಗೆ ಒಂದಿಷ್ಟು ರಕ್ತ ಕಾಣಿಸೋದು ಎಷ್ಟೋ ಜನಕ್ಕೆ ಆಗತ್ತೆ, ತಾನಾಗೇ ನಿಲ್ಲತ್ತೆ,” ಅಂದರು. ಲತಾಮಣಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಕೃಷ್ಣಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಮತ್ತೆ ಹೋದ ಸಲ ಯಾಕೋಯ್ತು ಡಾಕ್ಟ್ರೇ?” ಎಂದು ಕೇಳಿದವಳು ಅವಳೇ. “ಓಡಿದ್ಕಾ?”

“ಓಡಿದ್ದಕ್ಕಲ್ಲ ಅಮ್ಮ. ಹೀಗೆ ಬೇಗ ಹೋಗೋದು ಹೆಚ್ಚಾಗಿ ಬೀಜದ ದೋಷಕ್ಕೇ. ಮಲಗಿದ್ರೂ ಹೋಗತ್ತೆ.”

ಕೃಷ್ಣಮ್ಮ ತನ್ನಷ್ಟಕ್ಕೆ ತಲೆ ಆಡಿಸಿದಳು. “ಗಂಟುರೋಗದ ಮೊಟ್ಟೆ ಇದ್ದಂಗೆ. ಎಂಥ ಸೊಪ್ಪು ಹಾಕುದ್ರೂ ಉಳ ಉಳಿಯಾಕಿಲ್ಲ. ಸಾಕಿದವ್ರ ತಪ್ಪಲ್ಲ.”

“ಅದೇ ಅದೇ. ನಿಮಗೆ ಯಾವತ್ತಾದ್ರೂ ಹೀಗೆ ಬಸಿರು ಹೋಗಿತ್ತಾ?”

“ಇಲ್ಲ,” ಅಂದಳು ಕೃಷ್ಣಮ್ಮ. ಉತ್ತರ ಬರುವುದು ಸ್ವಲ್ಪ ತಡವಾಯಿತು.

ರಕ್ತ ನಿಂತು ಒಂದು ವಾರವಾದಮೇಲೆ ನಡೆಯಬಹುದು, ಬೇಕೆನಿಸಿದರೆ ಓಡಬಹುದು, ನಿಯಮ ಅದೇ ಎಂದು ಹೇಳಿ ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು.

ಮನೆಗೆ ಬಂದಾಗ ಮಧ್ಯಾಹ್ನ ದಾಟಿತ್ತು. ಮಂಕರಿಯ ಸೊಪ್ಪು ಬಾಡಿತ್ತು. ಕೃಷ್ಣಮ್ಮ ಹೊಸ ಸೊಪ್ಪು ತಂದು ಹಾಕಿದಳು. ಆ ಸಲ ಹುಳುಗಳು ಒಂದೇ ಸಮ ಹಣ್ಣಾಗಿ ಗೂಡಿಗೆ ಬರಲಿಲ್ಲ. ಕೆಲವು ಗೂಡು ಕಟ್ಟುವಾಗ ಕೆಲವು ಇನ್ನೂ ಮೇಯುತ್ತಿದ್ದವು, ಕಾಲು ಭಾಗ ಏನೂ ಆಗದೆ ಹೋದವು. ಕೇಳಿದವರಿಗೆಲ್ಲ ಅವಳು ಸೊಪ್ಪು ಸರಿಯಿರಲಿಲ್ಲ ಅಂತಲೇ ಹೇಳಿದಳು. ಲತಾಮಣಿ ಒಳಗಿನಿಂದ ಅದನ್ನು ಕೇಳಿಸಿಕೊಂಡಳು.

ಹದಿನೈದು ದಿನ ಕಳೆದು ಹೊಸ ಬೆಳೆಗೆ ಚಾಕಿ ಮರಿಹುಳುಗಳು ಬಂದ ಮೇಲೆ, ಒಂದು ಸಂಜೆ ಕೃಷ್ಣಮ್ಮ ಸೊಸೆಯ ಮುಂದೆ ನಿಂತು, ಎಲ್ಲೋ ನೋಡುತ್ತ ಹೇಳಿದಳು.

“ಬೆಳಗ್ಗೆ ಲೇಔಟ್ ಪಕ್ಕದ ತೋಟದಾಗೆ ಸೊಪ್ಪು ಕುಯ್ಯಾಕೋಯ್ತೀನಿ. ನೀನೂ ಬಾ. ಸುತ್ತು ಹಾಕು. ಮಗ್ಗಿ ಗಿಗ್ಗಿ ಬ್ಯಾಡ, ಆ ಕಾಳಯ್ಯ ಊರ್ಗೆಲ್ಲ ಸಾರ್ಕಂಡ್ ಬತ್ತಾನೆ. ನಾನು ಕೇಳ್ತೀನಿ, ನೀನು ಯೋಳು.”

ಹಾಗೆ ಶುರುವಾಯಿತು. ತೋಟದ ಬೇಲಿಗೆ ಒತ್ತಿಕೊಂಡೇ ಲೇಔಟಿನ ರಸ್ತೆ ಹೋಗಿತ್ತು. ಕೃಷ್ಣಮ್ಮ ಬಗ್ಗಿ ಕುಡುಗೋಲು ಆಡಿಸುತ್ತಿದ್ದಳು. ಲತಾಮಣಿ ಮೊದಲ ಸುತ್ತು ಮುಗಿಸಿ ಬೇಲಿಯ ಹತ್ತಿರ ಬಂದಾಗ ಅತ್ತೆ ಕೂಗಿದಳು, “ಒಲೆ ಆರಿಸ್ದಾ?”

“ಹೂಂ.”

“ಹೂಂ ಅಂದ್ರಾಗಾಕಿಲ್ಲ. ಪೂರ್ತಿ ಯೋಳು.”

“ಒಲೆ ಆರಿಸ್ದೆ ಅತ್ತೆ, ಹಾಲು ಮುಚ್ಚಿ ಮಡಗ್ದೆ, ಬೆಕ್ಕು ಆಚೆ ಓಡಿಸ್ದೆ.”

ಎರಡನೇ ಸುತ್ತಿಗೆ ಅನಂತ ಏನು ತಿಂದು ಹೋದ ಎಂದು ಕೇಳಿದಳು. ರೊಟ್ಟಿ, ಉಚ್ಚೆಳ್ಳು ಚಟ್ನಿ, ಎರಡು ತಿಂದು ಮೂರನೆಯದನ್ನು ಬಿಟ್ಟ ಎಂಬಲ್ಲಿಯವರೆಗೆ ಲತಾಮಣಿ ಓಡುತ್ತಲೇ ಹೇಳಿದಳು. ಮೈ ಹಗುರವಾಗಿತ್ತು. ಇನ್ನೊಂದು ವಾರಕ್ಕೆ ಮೂರು ತಿಂಗಳು ತುಂಬುತ್ತಿತ್ತು. ಬಹಳ ದಿನದ ಮೇಲೆ ಅವಳಿಗೆ ಸಂತೋಷವಾಗಿತ್ತು.

ಮೂರನೇ ಸುತ್ತಿಗೆ ಬೇಲಿಯ ಹತ್ತಿರ ಬಂದಾಗ ಕೃಷ್ಣಮ್ಮ ತಲೆ ಎತ್ತಲಿಲ್ಲ. ದನಿ ಮಾತ್ರ ಬಂತು.

“ಅದು ಇದ್ದಿದ್ರೆ ಈಗ ಎಷ್ಟ್ ತಿಂಗ್ಳಾಗಿರದು?”

ಹದಿನಾಲ್ಕು ತಿಂಗಳಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ, ಅನಂತನೂ ಕೇಳಿರಲಿಲ್ಲ. ಲತಾಮಣಿಗೆ ಲೆಕ್ಕ ಗೊತ್ತಿತ್ತು, ದಿನದ ಸಮೇತ ಗೊತ್ತಿತ್ತು. ಉಸಿರೂ ಬೇಕಾದಷ್ಟಿತ್ತು. ಮಾತು ಬರಲಿಲ್ಲ. ಅವಳು ಓಟ ಬಿಟ್ಟು ನಡೆದಳು, ನಾಲ್ಕು ಹೆಜ್ಜೆ ನಡೆದು ನಿಂತಳು.

“ಏಳು ತುಂಬಿ ಎಂಟು ನಡೀತಿತ್ತು ಅತ್ತೆ.”

ಕುಡುಗೋಲು ಎರಡು ಕಡ್ಡಿ ಕತ್ತರಿಸಿತು.

“ನಂದು ಇದ್ದಿದ್ರೆ ಮೂವತ್ತೊಂದು ವರ್ಸ,” ಅಂದಳು ಕೃಷ್ಣಮ್ಮ. “ಅನಂತಂಗೂ ಮೊದ್ಲು. ನಿಮ್ಮಾವ್ನಿಗೆ ಬುಟ್ರೆ ಯಾರ್ಗೂ ಯೋಳಿಲ್ಲ, ಅವ್ರೂ ತೀರ್ಕಂಡ್ರು. ನಾನು ಓಡಿರ್ಲಿಲ್ಲ ಕಣವ್ವ. ಐವತ್ತು ದಿನ ಮಲ್ಗೇ ಇದ್ದೆ.”

ಲತಾಮಣಿ ಬೇಲಿ ಹಿಡಿದುಕೊಂಡು ನಿಂತಳು. ರಸ್ತೆಯ ಆ ತುದಿಯಲ್ಲಿ ಕಾಳಯ್ಯನ ಕುರಿಗಳು ಹಳದಿ ಕಲ್ಲುಗಳ ನಡುವೆ ಮೇಯುತ್ತಿದ್ದವು.

“ನಿಂತ್ಕಬ್ಯಾಡ, ಮೈ ತಣ್ಣಗಾಯ್ತದೆ,” ಅಂದಳು ಕೃಷ್ಣಮ್ಮ. “ಓಗು.”

ಲತಾಮಣಿ ಓಡಿದಳು. ನಾಲ್ಕನೇ ಸುತ್ತಿಗೆ ಬೇಲಿಯ ಹತ್ತಿರ ಬಂದಾಗ ತೋಟದಿಂದ ಯಾವ ಪ್ರಶ್ನೆಯೂ ಬರಲಿಲ್ಲ. ಕುಡುಗೋಲಿನ ಸದ್ದೂ ಇರಲಿಲ್ಲ. ಸೊಪ್ಪಿನ ನಡುವೆ ಅತ್ತೆಯ ಬಗ್ಗಿದ ಬೆನ್ನು ಮಾತ್ರ ಕಾಣುತ್ತಿತ್ತು.

“ಹದಿಮೂರೊಂದ್ಲೆ ಹದಿಮೂರು,” ಎಂದು ಲತಾಮಣಿ ಶುರು ಮಾಡಿದಳು. ತೋಟದ ಒಳಗಿನವರೆಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದಳು. “ಹದಿಮೂರೆರಡ್ಲೆ ಇಪ್ಪತ್ತಾರು. ಹದಿಮೂರ್ ಮೂರ್ಲೆ ಮೂವತ್ತೊಂಬತ್ತು.”

ಅವಳು ರಸ್ತೆಯ ತಿರುವು ತಲುಪುವ ಹೊತ್ತಿಗೆ ಹಿಂದೆ ಕುಡುಗೋಲು ಮತ್ತೆ ಸೊಪ್ಪು ಕುಯ್ಯತೊಡಗಿತು.