ಅಹಂಕಾರ ಕರಗಿದ ಆಲ್ಬಂ

ಮಾವನ ಕಾರು ಬಿಸಿಲಲ್ಲಿ ಒಣಗುತ್ತಿತ್ತು. ಅದರ ಶೆಡ್ಡಿನಲ್ಲಿ ಅಳಿಯನೂ ಅವನ ಬ್ಯಾಂಡಿನವರೂ ಹಳೆಯ ಗ್ಯಾರೇಜ್ ರಾಕ್ ಸಂಗೀತಕ್ಕೆ ಮರುಜೀವ ಕೊಡುತ್ತಿದ್ದರು. ಅಳಿಯನೇ ಗಾಯಕ. ಡ್ರಮ್ ಬಾರಿಸುವವನು ಅವನ ಭಾವಮೈದುನ, ಕನ್ನಡಕದಂಗಡಿಯವನು. ಗಿಟಾರಿನವನು ಹಲ್ಲಿನ ಸೆಟ್ಟು ಮಾಡುವವನು. ಮೂರೇ ಸ್ವರಮೇಳ, ಕಿವಿ ಹರಿಯುವ ಸದ್ದು. ಮೂವರೂ ಸುಖವಾಗಿದ್ದರು.

ಒಂದು ದಿನ ಗಾಯಕ ನವಿಲುಬಣ್ಣದ ಅಂಗಿ ತೊಟ್ಟು ಬಂದ. "ಇನ್ಮೇಲೆ ನಮ್ದು ಸೈಕೆಡೆಲಿಕ್. ಕೇಳೋರ ಮನಸ್ಸು ಬಣ್ಣಬಣ್ಣವಾಗಿ ತೇಲ್ಬೇಕು. ನಾನು ಅನ್ನೋದೇ ಕರಗಿಹೋಗ್ಬೇಕು."

"ಬರೀ ತಲೆ ತಿರುಗಿದ್ರೆ ಸಾಲ್ದಾ?" ಎಂದ ಭಾವಮೈದುನ. ಆದರೂ ಬಾರಿಸಿದ.

ಗಿಟಾರಿಗೆ ಮೈಲುದ್ದದ ಪ್ರತಿಧ್ವನಿ ಅಂಟಿಸಿದರು. 'ನಾನಿಲ್ಲ, ನಾನಿಲ್ಲ' ಎಂಬ ಹಾಡು ಹನುಮಂತನ ಬಾಲದಂತೆ ಬೆಳೆಯಿತು. ಅದನ್ನು ಹಾಡುವಾಗ ಗಾಯಕನಿಗೆ ನಿಜಕ್ಕೂ ಕಣ್ಣೀರು ಬರುತ್ತಿತ್ತು.

ಆಲ್ಬಮ್ಮಿನ ಕವರು ಬರೆದವಳು ಗಿಟಾರಿನವನ ಹೆಂಡತಿ, ಅಂಗಡಿಗಳಿಗೆ ಬೋರ್ಡ್ ಬರೆಯುವವಳು. ಮೂವರ ಮುಖವೂ ಮೇಣದಂತೆ ಕರಗಿ ಒಂದೇ ಬಣ್ಣದ ಹೊಳೆಯಾಗಿತ್ತು.

ಗಾಯಕ ಹತ್ತಿರದಿಂದ ನೋಡಿದ, ದೂರದಿಂದ ನೋಡಿದ. "ಇದ್ರಲ್ಲಿ ನಾನೆಲ್ಲಿ?"

"ನೀವಿಲ್ಲ ಅಂತ ನೀವೇ ಹಾಡಿದ್ದೀರಲ್ಲಣ್ಣ."

"ಹಾಡು ಬೇರೆ, ಮುಖ ಬೇರೆ. ನಂದು ಗೊತ್ತಾಗ್ಲಿ. ಸ್ವಲ್ಪ ದೊಡ್ಡದಾಗೇ."

ಅವಳು ತಿದ್ದಿದಳು. ಗಾಯಕನ ಮುಖ ಹುಣ್ಣಿಮೆ ಚಂದ್ರನಂತೆ ಎದ್ದುಬಂತು. ಗಲ್ಲದ ಕೆಳಗೆ ಉಳಿದಿಬ್ಬರ ಮುಖ ಎರಡು ಮಡುವಾಗಿ ಉಳಿದವು.

"ಇದ್ರಲ್ಲಿ ನಾನ್ಯಾವ್ದು?" ಗಂಡ ಕೇಳಿದ.

"ಎಡಗಡೆ ಕೆಸರು."

ಅವನು ಗಿಟಾರನ್ನು ಚೀಲಕ್ಕೆ ತುಂಬಿದ. ಭಾವಮೈದುನ ಡ್ರಮ್ಮುಗಳನ್ನು ಬಿಚ್ಚತೊಡಗಿದ. "ಅಕ್ಕನ ಮುಖ ನೋಡ್ಕೊಂಡು ಇಷ್ಟು ದಿನ ಸುಮ್ನಿದ್ದೆ, ಭಾವ."

ಬಿಡುಗಡೆಯ ದಿನ ಗಾಯಕ ರೆಕಾರ್ಡ್ ಮಾಡಿಟ್ಟ ವಾದ್ಯಗಳ ಜೊತೆ ಒಬ್ಬನೇ ಹಾಡಿದ. ವೇದಿಕೆ ಇಳಿದು ಬಂದು ಹೆಂಡತಿಯನ್ನು ಕೇಳಿದ: "ನಾನು ಕರಗಿದ್ದು ಗೊತ್ತಾಯ್ತಾ?"

"ಜನ ಕರಗಿದ್ದು ಗೊತ್ತಾಯ್ತು," ಎಂದಳು.

ಆಮೇಲೊಂದು ಸಂಜೆ ಟೈರ್ ಅಂಗಡಿಯ ಗೋದಾಮಿನಿಂದ ಅವನಿಗೆ ಹಳೆಯ ಒರಟು ಸದ್ದು ಕೇಳಿಸಿತು. ಇಣುಕಿದರೆ ಹಳೆಯ ಜೊತೆಗಾರರಿಬ್ಬರು. ಹಾಡುತ್ತಿದ್ದವಳು ಬೋರ್ಡ್ ಬರೆಯುವವಳು. ಚೆನ್ನಾಗಿಯೇ ಹಾಡುತ್ತಿದ್ದಳು, ಅದೇ ಅವನ ಹೊಟ್ಟೆಗೆ ಕಿಚ್ಚಿಟ್ಟಿತು. ಆದರೆ ಒಂಟಿಯಾಗಿ ಮನೆಗೆ ಹೋಗಲು ಕಾಲು ಬರಲಿಲ್ಲ.

"ನಾನೂ ಸೇರ್ಕೊಳ್ಲಾ?"

"ಬನ್ನಿ ಭಾವ. ಹಿಂದೆ ನಿಂತು ಚಪ್ಪಾಳೆ ಹಾಕಿ."

ಹಾಕಿದ. ಮೊದಲ ಹಾಡಿಗೆ ವಿನಯವೇ ಮೈವೆತ್ತಂತಿದ್ದ. ಎರಡನೆಯದು ಮುಗಿಯುವಷ್ಟರಲ್ಲಿ ಡ್ರಮ್ಮು ದಾಟಿ, ಗಿಟಾರಿನವನನ್ನು ಮೊಣಕೈಯಲ್ಲಿ ಸರಿಸಿ, ಮೈಕಿಗೆ ಕೈಚಾಚಿದ್ದ.

ಅವಳು ಹಾಡು ನಿಲ್ಲಿಸದೆ ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.