ಎಂಟು ಕೈಯಲ್ಲಿ ಐದು

ನಾನು ಒಂದು ಚಿತ್ರ ಬರೆಯುವ ಪುಸ್ತಕ. ಗದಗಿನ ಒಂದು ಪ್ರೆಸ್ಸಿನಲ್ಲಿ ಕ್ಯಾಲೆಂಡರಿಗೆ ಕತ್ತರಿಸಿ ಉಳಿದ ಹಾಳೆಗಳನ್ನು ಹೊಲಿದಾಗ ಹುಟ್ಟಿದೆ. ತುಂಡುಗಳಿಂದ ಹುಟ್ಟಿದ್ದಕ್ಕೋ ಏನೋ, ಅರ್ಧಂಬರ್ಧ ಕೆಲಸ ಕಂಡರೆ ನನಗೆ ಆಗುವುದಿಲ್ಲ.

ನನ್ನನ್ನು ಕೊಂಡವರು ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಇಂದುಮತಿ. ಶಿಕ್ಷಕರ ಪ್ರವಾಸದಲ್ಲಿ ಅವರ ಜೊತೆ ಬಾದಾಮಿಗೆ ಬಂದೆ. ಅಲ್ಲಿನ ಗೈಡು ದಸ್ತಗೀರಸಾಬರು ಕನ್ನಡಿ ಹಿಡಿದು ಬಿಸಿಲನ್ನು ಗುಹೆಯೊಳಗೆ ತಿರುಗಿಸುತ್ತಿದ್ದರು. ಬೆಳಕು ಬಿದ್ದ ಮೂರ್ತಿಯ ಕಥೆ ಹೇಳುತ್ತಿದ್ದರು. ಧ್ವನಿ ಒಡೆದಿತ್ತು, ಅವಸರ ಮಾತ್ರ ವಿಪರೀತ. ಟೀಚರ್ ಒಂದು ಮೂಗು ಬರೆಯುವಷ್ಟರಲ್ಲಿ ಕನ್ನಡಿ ಮಗುಚಿ, "ನಡೀರಿ, ನಡೀರಿ" ಎನ್ನುತ್ತಿದ್ದರು. ನನ್ನ ತುಂಬ ಕಾಲಿಲ್ಲದ ಆನೆಗಳು, ಸೊಂಟಕ್ಕೇ ನಿಂತ ಯಕ್ಷರು. ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಟೀಚರಿಗೂ ಸಿಟ್ಟು. ಸಾಬರ ಮಾತನ್ನು ಹೇಳಿದಂತೆಯೇ ಬರೆದುಕೊಂಡು, ಪ್ರತಿ ಪುಟದ ಕೊನೆಗೆ ಬೇಕೆಂದೇ ಆ 'ನಡೀರಿ, ನಡೀರಿ'ಯನ್ನೂ ಸೇರಿಸಿದರು.

ಮೂರನೇ ಗುಹೆಯ ವಿಷ್ಣುವಿಗೆ ಎಂಟು ಕೈ. ಐದು ಬರೆದಾಗ ಸಾಬರ ಧ್ವನಿ ಕೈಕೊಟ್ಟಿತು. ಕನ್ನಡಿ ಮಗುಚಿ ಹೊರಟ ಅವರು ನಾಲ್ಕನೇ ಗುಹೆಯನ್ನು ಸನ್ನೆಯಲ್ಲೇ ತೋರಿಸಿ ಮುಗಿಸಿದರು. ಬಸ್ಸಿನ ಹಾರ್ನ್ ಕೇಳಿ ಓಡಿದ ಟೀಚರ್ ನನ್ನನ್ನು ಮೆಟ್ಟಿಲ ಮೇಲೆ ಮರೆತರು.

ಸಾಬರು ನನ್ನನ್ನು ಮನೆಗೆ ಒಯ್ದರು. ಅವರಿಗೆ ಓದು ಬಾರದು. ಮಗಳು ಶಹನಾಜ್ ಗಟ್ಟಿಯಾಗಿ ಓದಿದಳು. ತಮ್ಮದೇ ಮಾತು ಕೇಳುತ್ತ ಸಾಬರು ಅತ್ತುಬಿಟ್ಟರು. ಗಂಟಲಲ್ಲಿ ಗಡ್ಡೆಯಿತ್ತು. ನಾಲ್ಕು ದಿನ ಬಿಟ್ಟು ಆಪರೇಷನ್, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಅವಸರ ಯಾತಕ್ಕೆಂದು ಆಗ ತಿಳಿಯಿತು. ನನಗೆ ನಾಚಿಕೆಯಾಯಿತು.

ಮೂರು ಗುಹೆ ನನ್ನಲ್ಲಿದ್ದವು. ನಾಲ್ಕನೆಯದು ಸಾಬರ ಗಂಟಲಲ್ಲೇ ಉಳಿದಿತ್ತು. ನನ್ನ ಖಾಲಿ ಹಾಳೆ ತೋರಿಸಿ ಅವರು ಪಿಸುಗುಟ್ಟಿದರು: "ಬರಕೋ ಶಹನಾಜ್. ಇನ್ನ ಮುಂದ ನೀನ ಹೇಳಬೇಕು."

ಈಗ ಅವಸರ ನನ್ನದು. ಅವರು ಕೆಮ್ಮಿ ನಿಂತಾಗ, ನೀರು ಕುಡಿದಾಗ, ಒಂದು ಜಿನಮೂರ್ತಿಗೇ ಅರ್ಧ ದಿನ ಕಳೆದಾಗ ನಾನು ಒಳಗೊಳಗೇ ಒದ್ದಾಡಿದೆ. ಆಸ್ಪತ್ರೆಗೆ ಹೊರಡುವ ದಿನ ಕೊನೆಯ ಸಾಲು ಮುಗಿಯಿತು. ಶಹನಾಜ್ ಎಲ್ಲವನ್ನೂ ತನ್ನ ನೋಟ್‌ಬುಕ್ಕಿಗೆ ನಕಲು ಮಾಡಿಕೊಂಡು, ನನ್ನ ಮೊದಲ ಪುಟದಲ್ಲಿದ್ದ ಟೀಚರ್ ನಂಬರಿಗೆ ಫೋನ್ ಮಾಡಿದಳು.

ದಸರೆ ರಜೆಯಲ್ಲಿ ಟೀಚರ್ ಬಂದರು. ಗುಹೆಯಲ್ಲಿ ಕಥೆ ಹೇಳುತ್ತಿದ್ದವಳು ಶಹನಾಜ್, ಕನ್ನಡಿ ಹಿಡಿದವರು ಸಾಬರು. ಟೀಚರ್ ನನ್ನನ್ನು ತೆರೆದು ವಿಷ್ಣುವಿನ ಮುಂದೆ ಕೂತರು. ಆರನೆಯ ಕೈ, ಏಳನೆಯ ಕೈ. ಸಾಬರು ಕನ್ನಡಿ ಮಗುಚಲಿಲ್ಲ. ಇನ್ನೊಂದು ಕೈ ಕೊಟ್ಟು ಕನ್ನಡಿಯನ್ನು ಹಿಡಿದೇ ಇದ್ದರು. ಎಂಟನೆಯ ಕೈಯೂ ಮುಗಿಯಿತು. ಬೆಳಕು ಕದಲಲಿಲ್ಲ.

ಟೀಚರ್ ತಲೆ ಎತ್ತಿ ಅವರನ್ನೇ ನೋಡಿದರು. ಸಾಬರ ತುಟಿ ಎರಡು ಸಲ ಅಲುಗಿತು, ಸದ್ದು ಬರಲಿಲ್ಲ. ಟೀಚರ್ ಪುಟದ ಕೊನೆಗೆ ಬರೆದರು: ನಡೀರಿ, ನಡೀರಿ.

ಈಗ ನಾನು ಟೀಚರ್ ಮನೆಯ ಕಪಾಟಿನಲ್ಲಿದ್ದೇನೆ, ಅಂಚು ಹಳದಿಯಾಗಿದೆ. ಬಯಸಿದಂತೆ ಒಂದು ಚಿತ್ರವಾದರೂ ಪೂರ್ತಿಯಾಯಿತು. ಆದರೂ ನೆಮ್ಮದಿಯಿಲ್ಲ. ಕಪಾಟಿನ ಬಾಗಿಲ ಸದ್ದಾದಾಗಲೆಲ್ಲ ಆ ಒಡೆದ ಧ್ವನಿ ನನ್ನನ್ನು ಎಬ್ಬಿಸಲಿ ಎಂದು ಕಾಯುತ್ತೇನೆ.