ಬಾವಲಿ ಬಿಡದ ಅಂಗಿ

ಒಣಗಿದ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ತಂತಿಯ ಮೇಲಿದ್ದ ಯಜಮಾನರ ಬಿಳಿ ಅಂಗಿಯ ಕಂಕುಳಲ್ಲಿ ಲಿಂಬೆಹಣ್ಣಿನಷ್ಟು ದೊಡ್ಡ ಬಾವಲಿಯೊಂದು ಅಂಟಿಕೊಂಡಿತ್ತು. ಒಂದು ರೆಕ್ಕೆ ಹರಿದು ಜೋತುಬಿದ್ದಿತ್ತು. ಪುಟ್ಟ ಎದೆ ಡವಡವ ಎನ್ನುತ್ತಿತ್ತು.

"ಲೇ, ಅಂಗಿ ಎಲ್ಲೇ? ಇಂಟರ್‌ವ್ಯೂಗೆ ಹೊತ್ತಾಯ್ತು!" ಎನ್ನುತ್ತ ಬನಿಯನ್ನಿನಲ್ಲೇ ಬಂದರು.

"ನಿಮಗಿಂತ ಮುಂಚೆ ಒಬ್ಬರು ಹಾಕ್ಕೊಂಡಿದ್ದಾರೆ, ನೋಡಿ."

"ಇಷ್ಟೇನಾ? ಕಿತ್ತು ಆಚೆ ಬಿಟ್ರಾಯ್ತು," ಎಂದು ಕೈ ಚಾಚಿದರು.

"ರೀ, ಬರಿಗೈಲಿ ಮುಟ್ಟಬೇಡಿ! ಕಚ್ಚಿದ್ರೆ ಹುಚ್ಚುನಾಯಿ ಕಚ್ಚಿದೋರಿಗೆ ಹಾಕೋ ಇಂಜೆಕ್ಷನ್ನೇ ನಿಮಗೂ."

ಚಾಚಿದ ಕೈ ಸದ್ದಿಲ್ಲದೆ ಪ್ಯಾಂಟಿನ ಜೇಬು ಸೇರಿತು.

ಗಾಯಗೊಂಡ ಕಾಡುಪ್ರಾಣಿಗಳನ್ನು ಆರೈಕೆ ಮಾಡುವ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿನ ಡಾಕ್ಟರಮ್ಮ ಹೇಳಿದರು: "ಬಟ್ಟೆಯಿಂದ ಬಿಡಿಸೋಕೆ ಹೋಗ್ಬೇಡಿ, ಇನ್ನೊಂದು ರೆಕ್ಕೇನೂ ಹರಿದೀತು. ಅಂಗಿ ಸಮೇತ ರಟ್ಟಿನ ಡಬ್ಬಕ್ಕೆ ಇಳಿಸಿ. ಸಣ್ಣ ತೂತು ಮಾಡಿ, ಮುಚ್ಚಳ ಬಿಗಿಯಾಗಿ ಹಾಕಿ. ಕತ್ತಲಿರ್ಲಿ, ಸದ್ದು ಬೇಡ. ಬಾಯಿಗೆ ಏನೂ ಹಾಕ್ಬೇಡಿ. ಬರ್ತಾ ಇದ್ದೀನಿ."

ಗಿಡದ ಕೆಲಸದ ದಪ್ಪ ಗ್ಲೌಸ್ ಹಾಕಿಕೊಂಡೆ. ಡಬ್ಬವನ್ನು ಕೆಳಗಿಟ್ಟು, ಕ್ಲಿಪ್ ತೆಗೆದು, ನಿದ್ದೆಹೋದ ಕೂಸನ್ನು ತೊಡೆಯಿಂದ ಹಾಸಿಗೆಗೆ ಜಾರಿಸುವಂತೆ ಅಂಗಿಯನ್ನು ಇಳಿಸಿದೆ. ಬಾವಲಿ ಕಿರ್ರೆಂದಿತೇ ಹೊರತು ಹಿಡಿತ ಬಿಡಲಿಲ್ಲ. ಯಜಮಾನರು ಗೊಣಗುತ್ತ ಕೆಂಪು ಚೌಕಳಿ ಅಂಗಿ ಸಿಕ್ಕಿಸಿಕೊಂಡು ಓಡಿದರು.

ಕತ್ತಲಿಗೇನು, ಸಾಮಾನಿನ ಕೋಣೆಯಿತ್ತು. ಸದ್ದಿಲ್ಲದಿರುವುದು ಹೇಗೆ? ನಮ್ಮ ಅತ್ತೆಯ ಪಿಸುಮಾತು ಪಕ್ಕದ ಮನೆಗೂ ಕೇಳುತ್ತದೆ. ಕುಕ್ಕರ್ ಆರಿಸಿದೆ, ಮಿಕ್ಸಿಯ ಪ್ಲಗ್ ಕಿತ್ತೆ, ಟಿವಿ ಬಂದ್ ಮಾಡಿದೆ. ತಿರುಗಿದರೆ ಅತ್ತೆ ಚಮಚದಲ್ಲಿ ಹಾಲು ಹಿಡಿದು ಕೋಣೆಯ ಬಾಗಿಲಲ್ಲಿ!

"ಪಾಪ ಕಣೇ, ಹಸಿದಿರುತ್ತೆ. ಒಂದೇ ಒಂದು ಗುಟುಕು."

"ಅತ್ತೆ, ಹಾಲು ಶ್ವಾಸಕೋಶಕ್ಕೆ ಹೋದ್ರೆ ಸತ್ತೇಹೋಗುತ್ತೆ."

"ನಿನ್ನ ಗಂಡನ್ನ ಸಾಕಿದೋಳಿಗೆ ಇದು ಗೊತ್ತಿಲ್ವಾ?"

"ಇದು ನಿಮ್ಮ ಮಗನಲ್ಲ. ಕೊಟ್ಟಿದ್ದೆಲ್ಲ ಕುಡಿಯೋಲ್ಲ."

ಅತ್ತೆ ನನ್ನನ್ನು ದುರುಗುಟ್ಟಿ ನೋಡಿ, ಹಾಲನ್ನು ತಾವೇ ಕುಡಿದು, ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತರು. ಬಾಯಿಗೆ ಸೆರಗು ಬೇರೆ ಒತ್ತಿಕೊಂಡಿದ್ದರು. ಮದುವೆಯಾಗಿ ಬಂದ ಮೇಲೆ ಈ ಮನೆಯ ಗಡಿಯಾರದ ಟಿಕ್‌ಟಿಕ್ ನಾನು ಕೇಳಿದ್ದು ಅವತ್ತೇ.

ಡಾಕ್ಟರಮ್ಮ ಬಂದು ಮುಚ್ಚಳ ಸರಿಸಿ ಟಾರ್ಚ್ ಬಿಟ್ಟರು. "ಮೂಳೆ ಗಟ್ಟಿಯಾಗಿದೆ. ಪೊರೆ ಹರಿದಿದೆ ಅಷ್ಟೆ, ಕೂಡ್ಕೊಳ್ಳುತ್ತೆ. ಎಳೆದಿದ್ರೆ ಉಳೀತಿರ್ಲಿಲ್ಲ," ಎಂದು ಅಂಗಿಯ ಸಮೇತ ಒಯ್ದರು.

ಸಂಜೆ ಯಜಮಾನರು ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಬದುಕ್ತಂತಾ?"

"ಹುಳ ತಿಂತಂತೆ. ಆದ್ರೆ ನಿಮ್ಮ ಕಂಕುಳು ಮಾತ್ರ ಬಿಡ್ತಿಲ್ವಂತೆ."

ಬಾವಲಿ ಹೋದ ಮೇಲೂ ಬಾಯಿಗೆ ಒತ್ತಿಕೊಂಡೇ ಇದ್ದ ಸೆರಗನ್ನು ಅತ್ತೆ ಈಗ ತೆಗೆದು, ಇಡೀ ದಿನದ ಮಾತನ್ನು ಒಂದೇ ಉಸಿರಿಗೆ ಹೊರಬಿಟ್ಟರು: "ಇವನ ಕಂಕುಳಲ್ಲಿ ಅಷ್ಟು ಹೊತ್ತು ಮೂಗು ಹುದುಗಿಸ್ಕೊಂಡೂ ಜೀವ ಉಳಿಸ್ಕೊಂಡಿದೆ ಅಂದ್ರೆ, ನನ್ನ ಸೊಸೆ ಚೆನ್ನಾಗೇ ಒಗೆದಿದ್ದಾಳೆ ಬಿಡು!"